ಕೆಟ್ಟ ಸುದ್ದಿ ಬೇಗ ತಲುಪಲಿ

ಅಮೆರಿಕ ಸರ್ಕಾರ ತನ್ನ ಜನರಿಗೆ ಆರೋಗ್ಯ ವಿಮೆ ಕೊಡಿಸಲು ಕಟ್ಟಿಸಿದ್ದ 'ಹೆಲ್ತ್‌ಕೇರ್ ಡಾಟ್ ಗವ್' ಜಾಲತಾಣ 2013ರ ಅಕ್ಟೋಬರ್ 1ರಂದು ತೆರೆಯಿತು. ಲಕ್ಷಗಟ್ಟಲೆ ಜನ ಒಮ್ಮೆಗೇ ನುಗ್ಗಿದರು. ಹಲವರಿಗೆ ಪುಟವೇ ತೆರೆಯಲಿಲ್ಲ. ತೆರೆದವರಿಗೆ ಖಾತೆ ಮಾಡಿಕೊಳ್ಳಲು ಆಗಲಿಲ್ಲ. ಖಾತೆ ಮಾಡಿಕೊಂಡವರು ಮುಂದಿನ ಹಂತದಲ್ಲಿ ಸಿಕ್ಕಿಬಿದ್ದರು. ದಿನ ಮುಗಿಯುವ ಹೊತ್ತಿಗೆ ವಿಮೆಗೆ ನೋಂದಣಿ ಪೂರ್ತಿ ಮಾಡಿಕೊಳ್ಳಲು ಸಾಧ್ಯವಾದದ್ದು 6 ಮಂದಿಗೆ.

ತಾಣ ಕುಸಿಯುತ್ತದೆಂದು ಮೊದಲೇ ಗೊತ್ತಿದ್ದವರು ಇದ್ದರು ಎಂಬುದೇ ಈ ಸೋಲಿನಲ್ಲಿ ಹೆಚ್ಚು ಕಾಡುವ ಸಂಗತಿ. ತೆರೆಯುವುದಕ್ಕೆ ಕೆಲವೇ ದಿನ ಮೊದಲು ನಡೆದ ಪರೀಕ್ಷೆಯಲ್ಲಿ, ಕೆಲವು ನೂರು ಜನ ಒಟ್ಟಿಗೆ ಬಳಸಿದಂತೆ ಮಾಡಿ ನೋಡಿದಾಗಲೇ ಅದು ನಿಂತುಹೋಗಿತ್ತು. ಅದೇ ವರ್ಷದ ವಸಂತದಲ್ಲಿ ಸಲಹಾ ಸಂಸ್ಥೆ ಮೆಕಿನ್ಸಿ ಎಲ್ಲೆಲ್ಲಿ ಅಪಾಯವಿದೆ ಎಂದು ಬರೆದು ಕೊಟ್ಟಿತ್ತು. 50ಕ್ಕೂ ಹೆಚ್ಚು ಗುತ್ತಿಗೆ ಸಂಸ್ಥೆಗಳು ತಂತಮ್ಮ ಪಾಲಿನ ಕೆಲಸ ಮಾಡುತ್ತಿದ್ದವು, ಒಟ್ಟಾರೆ ಹೊಣೆ ಯಾರದು ಎಂಬುದು ಮಾತ್ರ ಸ್ಪಷ್ಟವಿರಲಿಲ್ಲ. ತಾಣ ಸರಿಯಾಗಿ ನಡೆಯುವುದಿಲ್ಲವೆಂದು ತಮಗೆ ಯಾರೂ ನೇರವಾಗಿ ತಿಳಿಸಿರಲಿಲ್ಲ ಎಂದು ಅಧ್ಯಕ್ಷ ಬರಾಕ್ ಒಬಾಮ ನವೆಂಬರ್‌ನಲ್ಲಿ ಪತ್ರಕರ್ತರ ಮುಂದೆ ಹೇಳಿದರು. ಕೆಳಗಿದ್ದವರಿಗೆ ಗೊತ್ತಿದ್ದ ಸುದ್ದಿ ಮೇಲಕ್ಕೆ ಹತ್ತಿರಲಿಲ್ಲ.

ಅಕ್ಟೋಬರ್ ಮಧ್ಯಭಾಗದಿಂದ ಒಂದು ಪುಟ್ಟ ತಂಡ ದುರಸ್ತಿಗೆ ಇಳಿಯಿತು. ಗೂಗಲ್‌ನಿಂದ ಬಂದಿದ್ದ ಎಂಜಿನಿಯರ್ ಮೈಕಿ ಡಿಕರ್ಸನ್ ಮೇರಿಲ್ಯಾಂಡ್‌ನ ಕಚೇರಿಯಲ್ಲಿ ದಿನಕ್ಕೆ ಎರಡು ಬಾರಿ ಎಲ್ಲ ಗುತ್ತಿಗೆದಾರರನ್ನೂ ಒಂದೆಡೆ ಸೇರಿಸತೊಡಗಿದರು. ಸಭೆಗೆ ಅವರು ಹಾಕಿದ ನಿಯಮ ಮೂರೇ. ಇಲ್ಲಿ ಸೇರುವುದು ಸಮಸ್ಯೆ ಬಗೆಹರಿಸಲು, ತಪ್ಪು ಯಾರದೆಂದು ಜಗಳ ಕಾಯಲು ಬೇರೆ ಜಾಗಗಳಿವೆ. ಮಾತಾಡಬೇಕಾದವರು ವಿಷಯ ಹೆಚ್ಚು ತಿಳಿದವರು, ಹುದ್ದೆಯಲ್ಲಿ ದೊಡ್ಡವರಲ್ಲ. ಇನ್ನು ಒಂದೆರಡು ದಿನದಲ್ಲಿ ನಮ್ಮನ್ನು ಕಾಡುವ ತೊಂದರೆಗಳ ಮೇಲೆ ಮಾತ್ರ ಈಗ ಗಮನ. ಡಿಸೆಂಬರ್ ಆರಂಭಕ್ಕೆ ತಾಣ ಏಕಕಾಲಕ್ಕೆ 50 ಸಾವಿರ ಜನರನ್ನು ತಾಳಿಕೊಳ್ಳುವ ಸ್ಥಿತಿಗೆ ಬಂದಿತ್ತು. ಮುಂದಿನ ಏಪ್ರಿಲ್ ಹೊತ್ತಿಗೆ ಈ ತಾಣ ಮತ್ತು ರಾಜ್ಯಗಳ ತಾಣಗಳ ಮೂಲಕ 80 ಲಕ್ಷ ಜನ ವಿಮೆಗೆ ಹೆಸರು ಕೊಟ್ಟಿದ್ದರು.

ಸರ್ವರ್‌ಗಳು, ಡೇಟಾಬೇಸ್, ಕೋಡ್ ಎಲ್ಲವನ್ನೂ ಸರಿಪಡಿಸಬೇಕಾಯಿತು, ನಿಜ. ಆದರೆ ಯಾವುದನ್ನು ಮೊದಲು ಸರಿಪಡಿಸಬೇಕು, ಯಾರಿಗೆ ಅದು ಗೊತ್ತು ಎಂಬುದು ಬೆಳಕಿಗೆ ಬಂದದ್ದು ಆ ಸಭೆಗಳಲ್ಲಿ. ಸಾಫ್ಟ್‌ವೇರ್ ತಂಡಗಳಲ್ಲಿ ಸಂವಹನ ಮುಖ್ಯ ಎಂದು ಎಲ್ಲರೂ ಹೇಳುತ್ತಾರೆ. ನೇಮಕಾತಿ ಜಾಹೀರಾತಿನಲ್ಲೂ ಅದೇ, ತರಬೇತಿ ತರಗತಿಯಲ್ಲೂ ಅದೇ. ಅಲ್ಲೆಲ್ಲ ಅದಕ್ಕೆ ಚೆನ್ನಾಗಿ ಇಂಗ್ಲಿಷ್ ಮಾತಾಡುವುದು, ಅಂದವಾಗಿ ಸ್ಲೈಡ್ ತೋರಿಸುವುದು ಎಂಬಷ್ಟೇ ಅರ್ಥ. ತಂತ್ರಾಂಶವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಕಟ್ಟಿ, ಆಗಾಗ ತೋರಿಸಿ, ತಿದ್ದಿಕೊಳ್ಳುತ್ತ ಹೋಗುವ ಅಜೈಲ್ ಪದ್ಧತಿಯಲ್ಲಿ ಸಂವಹನಕ್ಕೆ ಅದಕ್ಕಿಂತ ಕಠಿಣವಾದ ಕೆಲಸವಿದೆ. ತೊಂದರೆ ಚಿಕ್ಕದಿರುವಾಗಲೇ ಅದರ ಸುದ್ದಿ, ಏನಾದರೂ ಮಾಡಬಲ್ಲವರ ಕಿವಿಗೆ ಬೀಳಬೇಕು. ಒಂದು ತಂಡ ಅಜೈಲ್ ಹೌದೋ ಅಲ್ಲವೋ ಎಂದು ನೋಡಬೇಕಾದರೆ ಅಲ್ಲಿ ಕೆಟ್ಟ ಸುದ್ದಿ ಎಷ್ಟು ಬೇಗ ಹರಿಯುತ್ತದೆ ಎಂದು ನೋಡಿದರೆ ಸಾಕು.

ಪುಟಗಳು ಬೆಳೆದವು, ಮಾತು ಕುಗ್ಗಿತು

ದಶಕಗಳ ಕಾಲ ದೊಡ್ಡ ಸಾಫ್ಟ್‌ವೇರ್ ಯೋಜನೆಗಳು ನಡೆದದ್ದು ಒಂದು ಸರಳ ನಂಬಿಕೆಯ ಮೇಲೆ. ಮೊದಲು ಏನು ಬೇಕೆಂದು ಪೂರ್ತಿ ಬರೆಯಬೇಕು, ಆಮೇಲೆ ವಿನ್ಯಾಸ, ಆಮೇಲೆ ಕೋಡ್, ಕೊನೆಗೆ ಪರೀಕ್ಷೆ. ಈ ಮೆಟ್ಟಿಲುಗಳ ಚಿತ್ರ 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಬರೆದ ಪ್ರಬಂಧದಲ್ಲಿದೆ. ಹಾಗೆ ಒಂದೇ ದಿಕ್ಕಿನಲ್ಲಿ ಇಳಿಯುತ್ತ ಹೋಗುವುದು ಅಪಾಯಕರ, ಪರೀಕ್ಷೆಯ ಹಂತದಲ್ಲಿ ತಪ್ಪು ಗೊತ್ತಾದರೆ ಮೊದಲಿನಿಂದ ಶುರುಮಾಡಬೇಕಾದೀತು ಎಂದು ರಾಯ್ಸ್ ಅದೇ ಪ್ರಬಂಧದಲ್ಲಿ ಎಚ್ಚರಿಸಿದ್ದರು. ಗ್ರಾಹಕರನ್ನು ಆರಂಭದಿಂದಲೂ ಜೊತೆಗಿಟ್ಟುಕೊಳ್ಳಿ ಎಂದೂ ಹೇಳಿದ್ದರು. ಉದ್ಯಮ ಚಿತ್ರವನ್ನು ಇಟ್ಟುಕೊಂಡು ಎಚ್ಚರಿಕೆಯನ್ನು ಬಿಟ್ಟುಬಿಟ್ಟಿತು.

ಈ ಕ್ರಮದಲ್ಲಿ ಒಂದು ಹಂತದವರು ಮುಂದಿನ ಹಂತದವರಿಗೆ ದಾಟಿಸುವುದು ದಾಖಲೆಯನ್ನು. ಬರೆದವರು ಏನು ಅಂದುಕೊಂಡಿದ್ದರು, ಓದಿದವರು ಏನು ಅರ್ಥಮಾಡಿಕೊಂಡರು ಎಂಬ ವ್ಯತ್ಯಾಸ ತಿಂಗಳುಗಟ್ಟಲೆ ಒಳಗೇ ಉಳಿಯುತ್ತದೆ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಇದಕ್ಕೆ ದೊಡ್ಡ ಬೆಲೆ ತೆತ್ತಿದೆ. ಕಾಗದದ ಕಡತಗಳನ್ನು ಕಂಪ್ಯೂಟರಿಗೆ ತರಲು ಅದು ಹಾಕಿಕೊಂಡ 'ವರ್ಚುವಲ್ ಕೇಸ್ ಫೈಲ್' ಯೋಜನೆಗೆ 800ಕ್ಕೂ ಹೆಚ್ಚು ಪುಟಗಳ ಅಗತ್ಯಪಟ್ಟಿ ತಯಾರಾಗಿತ್ತು. 2005ರಲ್ಲಿ, ಸುಮಾರು 17 ಕೋಟಿ ಡಾಲರ್ ಖರ್ಚಾದ ಮೇಲೆ, ಬಳಸಲು ಬಾರದೆಂದು ಅದನ್ನು ಕೈಬಿಟ್ಟರು. ಅದರ ಜಾಗಕ್ಕೆ 2006ರಲ್ಲಿ 'ಸೆಂಟಿನೆಲ್' ಬಂತು. ಇದಕ್ಕೆ ಮೀಸಲಿಟ್ಟದ್ದು 45.1 ಕೋಟಿ ಡಾಲರ್. 2010ರ ಆಗಸ್ಟ್ ಹೊತ್ತಿಗೆ ಅದರಲ್ಲಿ 40.5 ಕೋಟಿ ಕರಗಿತ್ತು, ನಾಲ್ಕು ಹಂತಗಳಲ್ಲಿ ಎರಡು ಮಾತ್ರ ಕೈಗೆ ಬಂದಿದ್ದವು.

ಆಗ ಎಫ್‌ಬಿಐ ಕೆಲಸವನ್ನು ಗುತ್ತಿಗೆದಾರರಿಂದ ತನ್ನ ಕೈಗೆ ತೆಗೆದುಕೊಂಡಿತು. ತಂಡವನ್ನು ಚಿಕ್ಕದು ಮಾಡಿ, 'ಸ್ಪ್ರಿಂಟ್' ಎಂಬ ಎರಡೆರಡು ವಾರಗಳ ಕಂತುಗಳಲ್ಲಿ ದುಡಿಸಿತು. ಪ್ರತಿ ಸ್ಪ್ರಿಂಟ್ ಕೊನೆಗೆ ನಡೆಯುವ ತಂತ್ರಾಂಶವನ್ನು ಬಳಸುವವರಿಗೇ ತೋರಿಸತೊಡಗಿತು. 2012ರ ಜುಲೈಯಲ್ಲಿ ಸೆಂಟಿನೆಲ್ ಬಳಕೆಗೆ ಬಂತು. ವರ್ಷಗಟ್ಟಲೆ ಬಚ್ಚಿಟ್ಟುಕೊಳ್ಳಬಹುದಾಗಿದ್ದ ತಪ್ಪು ಕಲ್ಪನೆ ಈಗ ಹೆಚ್ಚೆಂದರೆ ಎರಡು ವಾರ ಉಳಿಯುತ್ತಿತ್ತು. ಯೋಜನೆ ದಡ ಮುಟ್ಟಲು ಅದು ದೊಡ್ಡ ಕಾರಣ.

ತಂಡ ದೊಡ್ಡದಾದಂತೆ ಮಾತು ಕಷ್ಟವಾಗುವ ಲೆಕ್ಕವನ್ನು ಗಣಿತದಲ್ಲಿ ಹೇಳಿದವರು ಫ್ರೆಡರಿಕ್ ಬ್ರೂಕ್ಸ್. ಐಬಿಎಂನಲ್ಲಿ ಓಎಸ್/360 ಎಂಬ ಬೃಹತ್ ಯೋಜನೆಯನ್ನು ನಡೆಸಿದ ಅನುಭವದಿಂದ ಅವರು 1975ರಲ್ಲಿ 'ದಿ ಮಿಥಿಕಲ್ ಮ್ಯಾನ್-ಮಂತ್' ಬರೆದರು. ಕೆಲಸ ತಡವಾಗಿದೆಯೆಂದು ಹೆಚ್ಚು ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ಹೊಸಬರಿಗೆ ಕಲಿಸಲು ಹಳಬರ ಸಮಯ ಹೋಗುತ್ತದೆ. ಜೊತೆಗೆ, ಒಬ್ಬರಿಗೊಬ್ಬರು ತಿಳಿಸಬೇಕಾದ ದಾರಿಗಳು ಜನಸಂಖ್ಯೆಗಿಂತ ಬಹಳ ವೇಗವಾಗಿ ಬೆಳೆಯುತ್ತವೆ. 5 ಜನರ ತಂಡದಲ್ಲಿ ಅಂಥ ಜೋಡಿಗಳು 10, 10 ಜನರಲ್ಲಿ 45, 20 ಜನರಲ್ಲಿ 190, 50 ಜನರಲ್ಲಿ 1,225. ಅಜೈಲ್ ಪದ್ಧತಿಗಳಲ್ಲಿ ಒಂದಾದ ಸ್ಕ್ರಮ್‌ನ ಇಂದಿನ ಕೈಪಿಡಿ ತಂಡವನ್ನು ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಕಡಿಮೆ ಜನರಿಗೆ ಸೀಮಿತಗೊಳಿಸುವುದರ ಹಿಂದೆ ಇದೇ ಲೆಕ್ಕವಿದೆ.

ಸ್ನೋಬರ್ಡ್‌ನಿಂದ ಹೊರಟದ್ದು

2001ರ ಫೆಬ್ರುವರಿ 11ರಿಂದ 13ರವರೆಗೆ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮಗುಡ್ಡದ ವಿಹಾರಧಾಮದಲ್ಲಿ 17 ಮಂದಿ ಸೇರಿದರು. ಕೆಂಟ್ ಬೆಕ್, ಮಾರ್ಟಿನ್ ಫೌಲರ್, ವಾರ್ಡ್ ಕನಿಂಗ್‌ಹ್ಯಾಮ್, ಜೆಫ್ ಸದರ್‌ಲ್ಯಾಂಡ್, ಕೆನ್ ಶ್ವೇಬರ್, ಅಲಿಸ್ಟೇರ್ ಕೋಬರ್ನ್ ಅವರಲ್ಲಿ ಕೆಲವರು. ಒಬ್ಬೊಬ್ಬರದೂ ಬೇರೆ ಬೇರೆ ಪದ್ಧತಿ. ಕೆಲವರು ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್‌ನವರು, ಕೆಲವರು ಸ್ಕ್ರಮ್‌ನವರು. ಅವರೆಲ್ಲರೂ ಒಪ್ಪಿ ಸಹಿ ಹಾಕಿದ ಚಿಕ್ಕ ಹೇಳಿಕೆಯೇ ಅಜೈಲ್ ಪ್ರಣಾಳಿಕೆ.

ಅದರ ನಾಲ್ಕು ಮೌಲ್ಯಗಳಲ್ಲಿ ಮೊದಲನೆಯದು ಪ್ರಕ್ರಿಯೆ ಮತ್ತು ಸಾಧನಗಳಿಗಿಂತ ಜನರಿಗೆ, ಅವರ ನಡುವಿನ ಒಡನಾಟಕ್ಕೆ ಹೆಚ್ಚಿನ ಬೆಲೆ ಕೊಡುತ್ತದೆ. ಮೂರನೆಯದು ಕರಾರಿನ ಚೌಕಾಸಿಗಿಂತ ಗ್ರಾಹಕರ ಜೊತೆಗೂಡಿ ದುಡಿಯುವುದನ್ನು ಮುಂದಿಡುತ್ತದೆ. ಜೊತೆಗಿರುವ 12 ತತ್ವಗಳಲ್ಲಿ ಒಂದು, ಮಾಹಿತಿ ದಾಟಿಸಲು ಮುಖಾಮುಖಿ ಮಾತಿಗಿಂತ ಒಳ್ಳೆಯ ದಾರಿಯಿಲ್ಲ ಎನ್ನುತ್ತದೆ. ಇನ್ನೊಂದು, ವ್ಯವಹಾರ ಬಲ್ಲವರೂ ಕೋಡ್ ಬರೆಯುವವರೂ ಯೋಜನೆಯುದ್ದಕ್ಕೂ ದಿನವೂ ಜೊತೆಯಾಗಿ ದುಡಿಯಬೇಕು ಎನ್ನುತ್ತದೆ. ಕಂಪ್ಯೂಟರ್ ತಜ್ಞರು ಸೇರಿ ಬರೆದ ಈ ಹೇಳಿಕೆಯಲ್ಲಿ ಯಂತ್ರದ ಮಾತು ಕಡಿಮೆ, ಮನುಷ್ಯರ ಮಾತೇ ಹೆಚ್ಚು.

ಈ 25 ವರ್ಷಗಳಲ್ಲಿ ಅಜೈಲ್ ಜಗತ್ತಿನ ಎಲ್ಲ ಮೂಲೆಗೂ ಹೋಗಿದೆ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ, ಹೊರವರ್ತುಲ ರಸ್ತೆಯ ಟೆಕ್ ಪಾರ್ಕ್‌ಗಳಲ್ಲಿ, ಮೈಸೂರು, ಮಂಗಳೂರು, ಹುಬ್ಬಳ್ಳಿಯ ಕಚೇರಿಗಳಲ್ಲಿ ಬೆಳಿಗ್ಗೆಯ ಸ್ಟ್ಯಾಂಡ್‌ಅಪ್, ಎರಡು ವಾರದ ಸ್ಪ್ರಿಂಟ್, ಡೆಮೊ, ರೆಟ್ರೊ ಎಲ್ಲವೂ ದಿನಚರಿಯಾಗಿವೆ. ಈ ದಿನಚರಿಯ ಒಂದೊಂದು ಸಭೆಯೂ ಒಂದೊಂದು ಬಗೆಯ ಕೆಟ್ಟ ಸುದ್ದಿಯನ್ನು ಹೊರತರಲೆಂದೇ ಇದೆ. ಅದನ್ನು ಮರೆತರೆ ಉಳಿಯುವುದು ಬರೀ ಶಾಸ್ತ್ರ.

15 ನಿಮಿಷ ಯಾರಿಗಾಗಿ?

ಸ್ಟ್ಯಾಂಡ್‌ಅಪ್ ಎಂದರೆ ದಿನಕ್ಕೊಮ್ಮೆ 15 ನಿಮಿಷ ತಂಡ ಸೇರುವುದು. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಏನು ಅಡ್ಡ ಬಂದಿದೆ ಎಂದು ಒಬ್ಬೊಬ್ಬರೂ ಹೇಳುವುದು ರೂಢಿ. ನಾನು ಕಂಡ ಎಷ್ಟೋ ಸ್ಟ್ಯಾಂಡ್‌ಅಪ್‌ಗಳ ತಿರುಳನ್ನು ಒಂದೇ ಚಿತ್ರದಲ್ಲಿ ಹೇಳಬಹುದು. ಎಂಟು ಜನರ ತಂಡ. ಹಾಸನದ ಕಡೆಯಿಂದ ಬಂದು ಆರು ತಿಂಗಳಾದ ಹುಡುಗಿಯ ಸರದಿ. "ಪೇಮೆಂಟ್ ಪೇಜ್ ನಡೀತಿದೆ, ಇವತ್ತು ಮುಗಿಯುತ್ತೆ" ಎನ್ನುತ್ತಾಳೆ. "ಬ್ಲಾಕರ್ಸ್?" ಎಂದು ಲೀಡ್ ಕೇಳುತ್ತಾನೆ. "ಏನಿಲ್ಲ ಸರ್." ಮರುದಿನವೂ ಅದೇ ಮಾತು. ಮೂರನೇ ದಿನವೂ ಅದೇ. ನಾಲ್ಕನೇ ದಿನ ಕ್ಯಾಂಟೀನಿನಲ್ಲಿ ಗೆಳತಿಯ ಹತ್ತಿರ ಬಾಯಿಬಿಡುತ್ತಾಳೆ. ಟೆಸ್ಟ್ ಸರ್ವರ್‌ಗೆ ಅವಳಿಗೆ ಆಕ್ಸೆಸ್ಸೇ ಸಿಕ್ಕಿಲ್ಲ. ಒಮ್ಮೆ ಮೇಲ್ ಹಾಕಿದ್ದಾಳೆ, ಉತ್ತರ ಬಂದಿಲ್ಲ. ಇನ್ನೊಮ್ಮೆ ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಹಿಂಜರಿಕೆ. ಆಕ್ಸೆಸ್ ಕೊಡಬಲ್ಲವನು ಅವಳಿಂದ ಮೂರು ಕುರ್ಚಿ ಆಚೆ ಕೂತಿದ್ದಾನೆ, ಅವನಿಗೆ ಅದು ಐದು ನಿಮಿಷದ ಕೆಲಸ.

ಈ ಹುಡುಗಿ ಸೋಮಾರಿಯಲ್ಲ, ಸುಳ್ಳುಗಾರ್ತಿಯೂ ಅಲ್ಲ. ಅಡ್ಡಿ ಇದೆ ಎಂದರೆ ತನ್ನ ಕೈಲಾಗುವುದಿಲ್ಲ ಎಂದು ಹೇಳಿದಂತೆ ಎಂದು ಅವಳು ತಿಳಿದಿದ್ದಾಳೆ. ಹಾಗೆ ತಿಳಿಯಲು ಅವಳಿಗೆ ಕಾರಣವೂ ಇದೆ. ಹಿಂದಿನ ವಾರ ಇನ್ನೊಬ್ಬನು ಕೆಲಸ ಮುಗಿದಿಲ್ಲ ಎಂದಾಗ ಲೀಡ್ ಎಲ್ಲರೆದುರು "ಯಾಕೆ ಆಗಿಲ್ಲ?" ಎಂದು ಕೇಳಿದ್ದನ್ನು ಅವಳು ನೋಡಿದ್ದಾಳೆ. ಅದೇ ಲೀಡ್ "ಏನು ಬೇಕು? ಯಾರ ಹತ್ರ ಮಾತಾಡಲಿ?" ಎಂದು ಕೇಳಿದ್ದರೆ ಮೊದಲ ದಿನವೇ ಆಕ್ಸೆಸ್ ಸಿಗುತ್ತಿತ್ತು. ಒಂದು ಪ್ರಶ್ನೆ ಕೇಳುವ ಬಗೆಯಲ್ಲಿ ಮೂರು ದಿನದ ಅಂತರವಿದೆ.

ಮ್ಯಾನೇಜರ್‌ಗೆ ವರದಿ ಒಪ್ಪಿಸುವ ಸಭೆಯಾಗಿ ಸ್ಟ್ಯಾಂಡ್‌ಅಪ್ ಬದಲಾದ ದಿನ ಅದರ ಪ್ರಯೋಜನ ಮುಗಿಯಿತು. ತಂಡದವರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದನ್ನು ಬಿಟ್ಟು ಒಬ್ಬರ ಮುಖ ನೋಡಿಕೊಂಡು ಹೇಳತೊಡಗುತ್ತಾರೆ. ಉಳಿದವರು ತಮ್ಮ ಸರದಿ ಕಾಯುತ್ತ ಫೋನ್ ನೋಡುತ್ತಾರೆ. 2020ರ ಸ್ಕ್ರಮ್ ಕೈಪಿಡಿಯಿಂದ ಆ ಮೂರು ಪ್ರಶ್ನೆಗಳು ಹೊರಟುಹೋಗಿವೆ. ಈ ಸ್ಪ್ರಿಂಟ್‌ನ ಗುರಿಯತ್ತ ಎಷ್ಟು ಬಂದಿದ್ದೇವೆ, ಮುಂದಿನ ಒಂದು ದಿನಕ್ಕೆ ಯೋಜನೆ ಬದಲಾಗಬೇಕೇ ಎಂದು ನೋಡುವುದೇ ಸಭೆಯ ಉದ್ದೇಶ, ಅದನ್ನು ಹೇಗೆ ನಡೆಸಬೇಕೆಂಬುದು ತಂಡಕ್ಕೆ ಬಿಟ್ಟದ್ದು ಎನ್ನುತ್ತದೆ ಆ ಕೈಪಿಡಿ. ಒಬ್ಬೊಬ್ಬರನ್ನು ಕೇಳುವ ಬದಲು ಬೋರ್ಡ್ ಮೇಲೆ ಚೀಟಿಯಾಗಿ ಅಂಟಿಸಿದ ಒಂದೊಂದು ಕೆಲಸವನ್ನು ಎತ್ತಿಕೊಂಡು "ಇದು ಮುಗಿಯಲು ಏನು ಬೇಕು?" ಎಂದು ಕೇಳುವ ತಂಡಗಳಿವೆ. ಹೀಗೆ ಕೇಳಿದಾಗ ಪ್ರಶ್ನೆ ಕೆಲಸದ ಕುರಿತಾಗುತ್ತದೆ, ವ್ಯಕ್ತಿಯ ಯೋಗ್ಯತೆಯ ಕುರಿತಲ್ಲ. ಮೂರು ದಿನದಿಂದ ಒಂದೇ ಕಡೆ ನಿಂತ ಚೀಟಿ ಎಲ್ಲರ ಕಣ್ಣಿಗೂ ಬೀಳುತ್ತದೆ.

ಚೀಟಿಯಲ್ಲಿ ಇಲ್ಲದ್ದು

ಅಜೈಲ್ ತಂಡಗಳಲ್ಲಿ ಏನು ಕಟ್ಟಬೇಕೆಂಬುದನ್ನು ಪುಟಗಟ್ಟಲೆ ಬರೆಯುವುದಿಲ್ಲ. 'ಯೂಸರ್ ಸ್ಟೋರಿ' ಎಂಬ ಒಂದೆರಡು ಸಾಲಿನ ಚೀಟಿ ಇರುತ್ತದೆ. ಈ ರೂಢಿ ಗಟ್ಟಿಯಾದದ್ದು ಅಮೆರಿಕದ ಕಾರು ಕಂಪನಿ ಕ್ರೈಸ್ಲರ್‌ನ ಸಂಬಳ ಲೆಕ್ಕದ ಯೋಜನೆಯಲ್ಲಿ. 1996ರಲ್ಲಿ ಅದನ್ನು ಸರಿದಾರಿಗೆ ತರಲು ಬಂದ ಕೆಂಟ್ ಬೆಕ್, ಸಂಬಳದ ನಿಯಮ ಬಲ್ಲವರನ್ನು ಪ್ರೋಗ್ರಾಮರ್‌ಗಳ ಜೊತೆಯಲ್ಲೇ ಕೂರಿಸಿದರು. 1997ರಲ್ಲಿ ಅದು ಸುಮಾರು 10 ಸಾವಿರ ನೌಕರರ ಸಂಬಳ ಹಾಕತೊಡಗಿತು. 2000ದಲ್ಲಿ ಆ ಯೋಜನೆಯೇ ನಿಂತರೂ ಅಲ್ಲಿ ಕಲಿತದ್ದು ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ಹೆಸರಿನಲ್ಲಿ ಉಳಿಯಿತು. ಅದೇ ತಂಡದಲ್ಲಿದ್ದ ರಾನ್ ಜೆಫ್ರೀಸ್, ಸ್ಟೋರಿ ಎಂದರೆ ಮೂರು ಸೇರಿದ್ದು ಎಂದು ವಿವರಿಸಿದರು: ಚೀಟಿ, ಅದರ ಸುತ್ತ ನಡೆಯುವ ಮಾತುಕತೆ, ಮುಗಿದಿದೆ ಎಂದು ಖಾತ್ರಿಪಡಿಸುವ ಪರೀಕ್ಷೆ. ನಡುವಿನದನ್ನು ಬಿಟ್ಟರೆ ಉಳಿದೆರಡಕ್ಕೂ ಅರ್ಥವಿಲ್ಲ.

ಬಸ್ ಟಿಕೆಟ್ ಬುಕಿಂಗ್ ಆ್ಯಪ್ ಒಂದನ್ನು ತೆಗೆದುಕೊಳ್ಳೋಣ. ಚೀಟಿಯಲ್ಲಿ ಇರುವುದು ಇಷ್ಟೇ: ಪ್ರಯಾಣಿಕರು ಟಿಕೆಟ್ ರದ್ದು ಮಾಡಿ ಹಣ ವಾಪಸ್ ಪಡೆಯಬಹುದು. ಓದಿದರೆ ಎಲ್ಲರಿಗೂ ಅರ್ಥವಾದಂತೆಯೇ. ಮಾತು ಶುರುವಾಗಲಿ.

"ಎಷ್ಟು ಹೊತ್ತಿನವರೆಗೆ ರದ್ದು ಮಾಡಬಹುದು?" ಎಂದು ಡೆವಲಪರ್ ಕೇಳುತ್ತಾನೆ.

"ಬಸ್ ಹೊರಡೋಕೆ ಎರಡು ಗಂಟೆ ಮುಂಚೆವರೆಗೆ" ಎನ್ನುತ್ತಾರೆ ಏನು ಕಟ್ಟಬೇಕೆಂದು ತೀರ್ಮಾನಿಸುವ ಪ್ರಾಡಕ್ಟ್ ಓನರ್.

"ಎಲ್ಲಿಂದ ಹೊರಡೋಕೆ ಮೇಡಂ? ಶಿವಮೊಗ್ಗದ ಬಸ್ ಮೆಜೆಸ್ಟಿಕ್‌ನಿಂದ ರಾತ್ರಿ 10ಕ್ಕೆ ಬಿಡುತ್ತೆ. ತುಮಕೂರಲ್ಲಿ ಹತ್ತೋರಿಗೆ ಅದು ಹನ್ನೊಂದೂವರೆ. ಅವರಿಗೆ ಯಾವ ಲೆಕ್ಕ?"

"ಹೌದಲ್ಲ. ಅದನ್ನ ಆಪರೇಷನ್ಸ್‌ನೋರನ್ನ ಕೇಳಬೇಕು."

ಟೆಸ್ಟರ್ ನಡುವೆ ಬರುತ್ತಾಳೆ. "ಮನೆಯವರೆಲ್ಲ ಸೇರಿ ಒಂದೇ ಟಿಕೆಟ್‌ನಲ್ಲಿ ನಾಲ್ಕು ಸೀಟು ಮಾಡಿದಾರೆ. ಅಜ್ಜಿ ಒಬ್ಬರು ಬರಲ್ಲ. ಒಂದೇ ಸೀಟು ರದ್ದು ಮಾಡಬಹುದಾ? ಬಸ್ಸೇ ಕ್ಯಾನ್ಸಲ್ ಆದ್ರೆ ಪೂರ್ತಿ ದುಡ್ಡು ತಾನೆ? ಕೂಪನ್ ಹಾಕಿ ತಗೊಂಡಿದ್ರೆ ಕೂಪನ್ನೂ ವಾಪಸ್ ಬರುತ್ತಾ?"

ಹತ್ತು ನಿಮಿಷದ ಈ ಮಾತಿನಲ್ಲಿ ಮೊದಲ ಪ್ರಶ್ನೆಯ ಬೆನ್ನಿಗೆ ಇನ್ನೂ ನಾಲ್ಕು ಪ್ರಶ್ನೆಗಳು ಹುಟ್ಟಿದವು. ಒಂದಕ್ಕೂ ಚೀಟಿಯಲ್ಲಿ ಉತ್ತರವಿರಲಿಲ್ಲ, ಪ್ರಾಡಕ್ಟ್ ಓನರ್ ಹತ್ತಿರವೂ ಸಿದ್ಧ ಉತ್ತರವಿರಲಿಲ್ಲ. ಮಾತು ನಡೆಯದಿದ್ದರೆ ಡೆವಲಪರ್ ತನಗೆ ತೋಚಿದಂತೆ ಬರೆಯುತ್ತಿದ್ದ. ಟೆಸ್ಟರ್ ಅವನು ಬರೆದದ್ದನ್ನೇ ಸರಿಯೆಂದು ಪರೀಕ್ಷಿಸುತ್ತಿದ್ದಳು. ತಪ್ಪು ಕಾಣುತ್ತಿದ್ದುದು ತುಮಕೂರಿನಲ್ಲಿ ರಾತ್ರಿ ಬಸ್ ಕಾಯುತ್ತಿದ್ದ ಪ್ರಯಾಣಿಕನಿಗೆ. ಮೂರು ಬೇರೆ ಕಣ್ಣುಗಳು ಒಂದೇ ಚೀಟಿಯನ್ನು ಒಟ್ಟಿಗೆ ನೋಡುವ ಈ ರೂಢಿಗೆ ತಂಡಗಳಲ್ಲಿ 'ತ್ರೀ ಅಮಿಗೋಸ್' ಎನ್ನುತ್ತಾರೆ. ಕೋಡ್ ಬರೆಯುವ ಮೊದಲಿನ ಈ ಹತ್ತು ನಿಮಿಷವನ್ನು ಸಮಯ ಹಾಳು ಎಂದು ಕತ್ತರಿಸುವ ತಂಡಗಳು, ರಿಲೀಸ್ ಆದ ಮೇಲೆ ಅದರ ಹತ್ತಾರು ಪಟ್ಟು ಸಮಯವನ್ನು ದೂರುಗಳಿಗೆ ಕೊಡುತ್ತವೆ.

ತಪ್ಪು ಒಪ್ಪಿಕೊಂಡವರಿಗೆ ಏನಾಗುತ್ತದೆ?

ಇಷ್ಟೆಲ್ಲ ಸಭೆಗಳಿದ್ದೂ ಸುದ್ದಿ ಹರಿಯದಿರಲು ಭಯವೇ ಮುಖ್ಯ ಕಾರಣ. ಇದನ್ನು ಅಧ್ಯಯನದಿಂದ ತೋರಿಸಿದವರಲ್ಲಿ ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ ಪ್ರಮುಖರು. ಅವರು ಆರಂಭದಲ್ಲಿ ನೋಡಿದ್ದು ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು. ಚೆನ್ನಾಗಿ ಹೊಂದಿಕೊಂಡು ದುಡಿಯುವ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆಂಬ ನಿರೀಕ್ಷೆ ಇತ್ತು. ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಆ ತಂಡಗಳಲ್ಲಿ ಜನ ತಪ್ಪನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಿದ್ದರು, ಉಳಿದೆಡೆ ಅವು ಹೊರಗೇ ಬರುತ್ತಿರಲಿಲ್ಲ ಎಂಬ ವಿವರಣೆಗೆ ಅವರು ಬಂದರು. ಪ್ರಶ್ನೆ ಕೇಳಿದರೆ, ತಪ್ಪು ಒಪ್ಪಿಕೊಂಡರೆ, ಬೇರೆ ಅಭಿಪ್ರಾಯ ಹೇಳಿದರೆ ಅವಮಾನವಾಗುವುದಿಲ್ಲ ಎಂಬ ತಂಡದ ನಂಬಿಕೆಯನ್ನು 1999ರ ಪ್ರಬಂಧದಲ್ಲಿ ಅವರು ಮಾನಸಿಕ ಸುರಕ್ಷತೆ ಎಂದು ಕರೆದರು. ಮುಂದೆ ಗೂಗಲ್ ತನ್ನ 180 ತಂಡಗಳನ್ನು ಅಭ್ಯಸಿಸಿ, ಯಾವುದು ಒಳ್ಳೆಯ ತಂಡವನ್ನು ಮಾಡುತ್ತದೆ ಎಂದು ಹುಡುಕಿದಾಗ ಪಟ್ಟಿಯ ಮೊದಲಿಗೆ ಬಂದದ್ದೂ ಇದೇ.

ಸ್ಪ್ರಿಂಟ್ ಕೊನೆಗೆ ನಡೆಯುವ ರೆಟ್ರೊ ಸಭೆ ನಿಂತಿರುವುದು ಈ ನಂಬಿಕೆಯ ಮೇಲೆ. ಏನು ಚೆನ್ನಾಗಿ ಆಯಿತು, ಏನು ಆಗಲಿಲ್ಲ, ಏನು ಬದಲಿಸೋಣ ಎಂದು ತಂಡ ಅಲ್ಲಿ ಮಾತಾಡಿಕೊಳ್ಳುತ್ತದೆ. ಆಗ ಗೊತ್ತಿದ್ದ ವಿಷಯ, ಇದ್ದ ಸಮಯ, ಸಿಕ್ಕ ಸಾಧನ ನೋಡಿದರೆ ಪ್ರತಿಯೊಬ್ಬರೂ ತಮ್ಮಿಂದ ಆದಷ್ಟು ಚೆನ್ನಾಗಿಯೇ ಮಾಡಿದ್ದಾರೆ ಎಂದು ಒಪ್ಪಿಕೊಂಡು ಮಾತು ಶುರುಮಾಡಬೇಕು ಎಂಬ ಸೂತ್ರವನ್ನು ಕೊಟ್ಟವರು ನಾರ್ಮನ್ ಕರ್ತ್. ಈ ಒಪ್ಪಿಗೆ ಇಲ್ಲದ ರೆಟ್ರೊದಲ್ಲಿ ಜನ ಮಾತಾಡುವುದು ಎಸಿ ತಣ್ಣಗಿದೆ, ಸಭೆ ಜಾಸ್ತಿಯಾಯಿತು ಎಂಬಂಥ ಯಾರಿಗೂ ನೋಯದ ಸಂಗತಿಗಳನ್ನು. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದದ್ದು ಯಾಕೆ ಎಂಬುದು ಹಾಗೆಯೇ ಉಳಿಯುತ್ತದೆ. ರೆಟ್ರೊದಲ್ಲಿ ಒಪ್ಪಿಕೊಂಡದ್ದನ್ನು ಅಪ್ರೈಸಲ್‌ನಲ್ಲಿ ಒಂದೇ ಒಂದು ಸಲ ಎತ್ತಿ ಆಡಿದರೂ ಸಾಕು, ಆ ತಂಡದಲ್ಲಿ ಮತ್ತೆ ಯಾರೂ ಬಾಯಿಬಿಡುವುದಿಲ್ಲ.

ಬೆಂಗಳೂರಿನ ರಾತ್ರಿ ಕಾಲ್

ಸ್ನೋಬರ್ಡ್‌ನಲ್ಲಿ ಸೇರಿದವರ ಕಲ್ಪನೆಯಲ್ಲಿದ್ದದ್ದು ಒಂದೇ ಕೋಣೆಯ ತಂಡ. ಬೆಂಗಳೂರು ದುಡಿಯುವುದು ಸಮುದ್ರದಾಚೆಯವರ ಜೊತೆ. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಉಪಗ್ರಹ ಸಂಪರ್ಕದ ಬಲದಿಂದ ಇಲ್ಲಿ ಕೇಂದ್ರ ತೆರೆದಾಗಿನಿಂದ ಈ ಊರಿನ ಎಂಜಿನಿಯರ್‌ಗಳು ಕಣ್ಣಿಗೆ ಕಾಣದ ಸಹೋದ್ಯೋಗಿಗಳೊಡನೆ ಕೆಲಸ ಮಾಡುತ್ತ ಬಂದಿದ್ದಾರೆ. ಕ್ಯಾಲಿಫೋರ್ನಿಯಾಕ್ಕೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಅಂತರ. ಅಲ್ಲಿನ ಬೆಳಿಗ್ಗೆ 8ರ ಸಭೆ ಇಲ್ಲಿ ರಾತ್ರಿ 8.30ಕ್ಕೆ. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಅದು 9.30. ಮಗುವಿಗೆ ಊಟ ಮಾಡಿಸುತ್ತ, ಒಂದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಮಾತಾಡುವ ಸರದಿ ಬಂದಾಗ ಮಾತ್ರ ಮ್ಯೂಟ್ ತೆಗೆಯುವ ತಾಯಂದಿರು ಈ ಊರಿನ ಎಷ್ಟೋ ಮನೆಗಳಲ್ಲಿದ್ದಾರೆ. ಒಂದು ಪ್ರಶ್ನೆಗೆ ಉತ್ತರ ಸಿಗದೆ ಹೋದರೆ ಇಲ್ಲಿ ಹೋಗುವುದು ಒಂದು ಪೂರ್ತಿ ದಿನ.

ದೂರಕ್ಕಿಂತ ದೊಡ್ಡ ತೊಡಕು ಮೇಲುಕೀಳು. ಕ್ಲೈಂಟ್ ಹಣ ಕೊಡುವವರು, ನಾವು ಮಾಡಿಕೊಡುವವರು ಎಂಬ ಭಾವ ಕಾಲ್‌ನಲ್ಲಿ ಕೂತಿರುತ್ತದೆ. ಆಗದ ದಿನಾಂಕಕ್ಕೂ ಒಪ್ಪಿಕೊಂಡು, ಕಾಲ್ ಮುಗಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದು ನಮ್ಮಲ್ಲಿ ಹೊಸದಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಕಲಿಸಿ ಬೆಳೆಸಿದ ಮನೆಗಳಿಂದ, ಮೇಷ್ಟ್ರಿಗೆ ಎದುರಾಡಬಾರದೆಂಬ ಶಾಲೆಗಳಿಂದ ಬಂದವರು ನಾವು. ಹಿರಿಯರ ಮೇಲಿನ ಗೌರವ ಒಳ್ಳೆಯ ಗುಣವೇ. ಗೌರವದ ಹೆಸರಿನಲ್ಲಿ ಅಪಾಯವನ್ನು ಮುಚ್ಚಿಟ್ಟರೆ ಮಾತ್ರ ಆ ಹಿರಿಯರಿಗೇ ಹೆಚ್ಚು ನಷ್ಟ. "ಈ ದಿನಾಂಕಕ್ಕೆ ಆಗುವುದಿಲ್ಲ, ಇವೆರಡನ್ನು ಬಿಟ್ಟರೆ ಆಗುತ್ತದೆ, ಯಾವುದು ಬೇಕು ಹೇಳಿ" ಎಂದು ಆರಂಭದಲ್ಲೇ ಹೇಳುವ ತಂಡವನ್ನು ಕ್ಲೈಂಟ್ ಹೆಚ್ಚು ನಂಬುತ್ತಾರೆ ಎಂಬುದನ್ನು ಹಾಗೆ ಹೇಳಿ ನೋಡಿದವರು ಬಲ್ಲರು.

ಮೂರನೆಯದು ಇಂಗ್ಲಿಷ್. ದಾವಣಗೆರೆ, ಕಲಬುರಗಿ, ಚಿಕ್ಕಮಗಳೂರಿನ ಕಾಲೇಜುಗಳಿಂದ ಬಂದ ಹುಡುಗರು ಕೋಡ್‌ನಲ್ಲಿ ಯಾರಿಗೂ ಕಡಿಮೆಯಿಲ್ಲ. ಆದರೆ ಅಮೆರಿಕದವರ ಉಚ್ಚಾರ ಹಿಡಿಯುವಷ್ಟರಲ್ಲಿ, ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸುವಷ್ಟರಲ್ಲಿ, ಮಾತು ಮುಂದಕ್ಕೆ ಹೋಗಿರುತ್ತದೆ. ಸುಮ್ಮನಿದ್ದವರಿಗೆ ಏನೂ ಹೇಳಲಿಕ್ಕಿಲ್ಲ ಎಂದು ಉಳಿದವರು ತಿಳಿಯುತ್ತಾರೆ. ತಂಡದಲ್ಲಿ ವಿಷಯ ಹೆಚ್ಚು ಬಲ್ಲವರೇ ಹೀಗೆ ಸುಮ್ಮನಾದರೆ ನಷ್ಟ ಇಡೀ ತಂಡದ್ದು. ಇದಕ್ಕೆ ಉಪಾಯಗಳು ಸರಳವಾಗಿವೆ. ಚರ್ಚಿಸುವ ವಿಷಯವನ್ನು ಕಾಲ್‌ಗೆ ಮೊದಲೇ ಬರೆದು ಕಳಿಸಿದರೆ ಯೋಚಿಸಲು ಸಮಯ ಸಿಗುತ್ತದೆ. ಪ್ರಶ್ನೆ ಕೇಳಿದ ಮೇಲೆ ನಾಲ್ಕು ಕ್ಷಣ ಕಾದರೆ ತಡವಾಗಿ ಬಾಯಿಬಿಡುವವರಿಗೂ ಅವಕಾಶವಾಗುತ್ತದೆ. ಮಾತಾಡಲಾಗದ್ದನ್ನು ಚಾಟ್‌ನಲ್ಲಿ ಬರೆಯಲು ಬಿಡಬೇಕು. ಕಾಲ್ ಮುಗಿದ ಮೇಲೆ ಕನ್ನಡ ಬಲ್ಲ ಹಿರಿಯರೊಬ್ಬರು "ಏನಾದ್ರೂ ಹೇಳೋದಿತ್ತಾ?" ಎಂದು ಕೇಳಿದರೆ ಎಷ್ಟೋ ಸಲ ಅಲ್ಲೇ ನಿಜವಾದ ಸಭೆ ಶುರುವಾಗುತ್ತದೆ. ಹಾಗೆ ತಿಳಿದುಬಂದದ್ದನ್ನು ಹಿರಿಯರು ಮರುದಿನ ಕಾಲ್‌ನಲ್ಲಿ ಹೇಳಿದವನ ಹೆಸರು ಹೇಳಿಯೇ ಮುಂದಿಡಬೇಕು. ಆಗ ಮುಂದಿನ ಸಲ ಅವನೇ ಮಾತಾಡುತ್ತಾನೆ.

ಈ ಅಂತರಗಳು ತಂತ್ರಾಂಶದ ಒಳಗೂ ಉಳಿಯುತ್ತವೆ. ಸಂಸ್ಥೆಯೊಂದು ಕಟ್ಟುವ ವ್ಯವಸ್ಥೆಯ ರಚನೆ ಆ ಸಂಸ್ಥೆಯೊಳಗಿನ ಸಂಪರ್ಕದ ರಚನೆಯನ್ನೇ ಹೋಲುತ್ತದೆ ಎಂದು ಮೆಲ್ವಿನ್ ಕಾನ್ವೆ 1968ರಲ್ಲೇ ಬರೆದರು. ಬೆಂಗಳೂರಿನ ತಂಡ ಒಂದು ಭಾಗ, ಡಲ್ಲಾಸ್‌ನ ತಂಡ ಇನ್ನೊಂದು ಭಾಗ ಕಟ್ಟಿ, ಇಬ್ಬರ ನಡುವೆ ವಾರಕ್ಕೊಂದು ಮೇಲ್ ಮಾತ್ರ ಓಡಾಡಿದರೆ, ಎರಡು ಭಾಗ ಸೇರುವ ಜಾಗದಲ್ಲೇ ಬಗ್‌ಗಳು ತುಂಬಿಕೊಳ್ಳುತ್ತವೆ. ಪದೇ ಪದೇ ಒಂದೇ ಜಾಗದಲ್ಲಿ ತಂತ್ರಾಂಶ ಮುರಿಯುತ್ತಿದ್ದರೆ, ಆ ಜಾಗದ ಎರಡೂ ಬದಿಯವರು ಕೊನೆಯ ಬಾರಿ ಮಾತಾಡಿದ್ದು ಯಾವಾಗ ಎಂದು ವಿಚಾರಿಸುವುದು ಒಳ್ಳೆಯದು.

ಬರೆದಿಟ್ಟದ್ದು ಉಳಿಯುತ್ತದೆ

2020ರ ಮಾರ್ಚ್ ಲಾಕ್‌ಡೌನ್ ಇಡೀ ಐಟಿ ಉದ್ಯಮವನ್ನು ಕೆಲವೇ ದಿನಗಳಲ್ಲಿ ಮನೆಗೆ ಕಳಿಸಿತು. ಪಕ್ಕದ ಮೇಜಿನಲ್ಲಿ ಇಬ್ಬರು ಮಾತಾಡುವುದು ಕಿವಿಗೆ ಬಿದ್ದು "ಅದನ್ನ ನಾನು ಹೋದ ತಿಂಗಳು ಮಾಡಿದ್ದೆ" ಎಂದು ಮೂರನೆಯವರು ನೆರವಾಗುವುದು ನಿಂತುಹೋಯಿತು. ಅಲಿಸ್ಟೇರ್ ಕೋಬರ್ನ್ ಹಾಗೆ ತಾನಾಗಿ ಇಂಗುವ ಮಾಹಿತಿಯನ್ನು ತಂಡದ ದೊಡ್ಡ ಆಸ್ತಿ ಎಂದು ಬಹಳ ಹಿಂದೆಯೇ ಗುರುತಿಸಿದ್ದರು. ಇಂದು ವಾರಕ್ಕೆ ಎರಡು ಮೂರು ದಿನ ಕಚೇರಿ, ಉಳಿದ ದಿನ ಮನೆ ಎಂಬುದು ಹಲವರ ಪದ್ಧತಿ. ಆದ್ದರಿಂದ ಮುಖಾಮುಖಿ ಮಾತಿನ ಜೊತೆಗೆ ಒಳ್ಳೆಯ ಬರವಣಿಗೆಯೂ ಬೇಕಾಗಿದೆ. ಅಜೈಲ್ ಎಂದರೆ ದಾಖಲೆಯೇ ಬೇಡ ಎಂದು ತಿಳಿಯುವುದು ತಪ್ಪು. ಪ್ರಣಾಳಿಕೆ ದಾಖಲೆಯನ್ನು ಬಿಡಲು ಹೇಳಿಲ್ಲ, ನಡೆಯುವ ತಂತ್ರಾಂಶಕ್ಕೆ ಅದಕ್ಕಿಂತ ಹೆಚ್ಚು ಬೆಲೆ ಕೊಡಲು ಹೇಳಿದೆ. ಏನು ನಿರ್ಧರಿಸಿದೆವು, ಯಾಕೆ, ಯಾವ ದಾರಿಗಳನ್ನು ಬಿಟ್ಟೆವು ಎಂಬ ಅರ್ಧ ಪುಟದ ಟಿಪ್ಪಣಿ, ಆರು ತಿಂಗಳ ನಂತರ ಸೇರಿದವರಿಗೆ ಹತ್ತು ಕಾಲ್‌ಗಳಿಗಿಂತ ಹೆಚ್ಚು ಹೇಳುತ್ತದೆ.

ತಂಡದ ಸ್ವಭಾವ ಕಾಣುವ ಇನ್ನೊಂದು ಜಾಗ ಕೋಡ್ ರಿವ್ಯೂ. ಕಿರಿಯ ಬರೆದ ಕೋಡನ್ನು ನೋಡಿ ಹಿರಿಯ "ಇದು ತಪ್ಪು, ಮತ್ತೆ ಬರಿ" ಎಂದು ಬರೆಯಬಹುದು. "ಈ ಪಟ್ಟಿ ಖಾಲಿ ಬಂದರೆ ಇಲ್ಲಿ ಏನಾಗುತ್ತದೆ? ನೋಡುತ್ತೀರಾ?" ಎಂದೂ ಬರೆಯಬಹುದು. ಎರಡರಲ್ಲೂ ಸರಿಯಾಗುವುದು ಅದೇ ದೋಷ. ಮೊದಲನೆಯದನ್ನು ಓದಿದವನು ಮುಂದಿನ ಸಲ ಕೋಡ್ ತೋರಿಸುವುದನ್ನೇ ಆದಷ್ಟು ಮುಂದೂಡುತ್ತಾನೆ. ಎರಡನೆಯದನ್ನು ಓದಿದವನು ಬರೆಯುವಾಗಲೇ ಖಾಲಿ ಪಟ್ಟಿಯ ಬಗ್ಗೆ ಯೋಚಿಸುತ್ತಾನೆ, ಸಂಶಯ ಬಂದರೆ ಕೇಳುತ್ತಾನೆ.

ಹೊಣೆ ಯಾರದು?

ಮಾತಾಡಿ, ಧೈರ್ಯವಾಗಿ ಹೇಳಿ ಎಂದು ಕಿರಿಯರಿಗೆ ಉಪದೇಶ ಮಾಡುವುದು ಸುಲಭ. ಆದರೆ ಬಾಯಿಬಿಟ್ಟರೆ ನಷ್ಟವಾಗುತ್ತದೆಂದು ಕಂಡವರು ಉಪದೇಶದಿಂದ ಬದಲಾಗುವುದಿಲ್ಲ, ಬದಲಾಗಬೇಕೆಂದು ನಿರೀಕ್ಷಿಸುವುದು ನ್ಯಾಯವೂ ಅಲ್ಲ. ದಾರಿ ತೆರೆಯಬೇಕಾದವರು ಮೇಲಿರುವವರು. ಲೀಡ್ ಆದವರು ಸ್ಟ್ಯಾಂಡ್‌ಅಪ್‌ನಲ್ಲಿ ತಮಗೇ ಬಗೆಹರಿಯದ ವಿಷಯವನ್ನು ಮೊದಲು ಹೇಳಲಿ. ಮ್ಯಾನೇಜರ್‌ಗಳು ತೊಂದರೆ ತಂದು ಹೇಳಿದವರಿಗೆ ಎಲ್ಲರೆದುರು ಥ್ಯಾಂಕ್ಸ್ ಹೇಳಲಿ, ಆ ತೊಂದರೆ ಬಗೆಹರಿಸಲು ಅದೇ ದಿನ ಏನಾದರೂ ಮಾಡಲಿ. ಹೇಳಿದ್ದರಿಂದ ಪ್ರಯೋಜನವಾಯಿತು ಎಂದು ಕಣ್ಣಾರೆ ಕಂಡ ತಂಡಕ್ಕೆ ಬೇರೆ ತರಬೇತಿ ಬೇಡ. ಕಂಪನಿಗಳು ಇಂಗ್ಲಿಷ್ ಉಚ್ಚಾರ ತಿದ್ದುವ ತರಗತಿಗೆ ಇಡುವ ಹಣದಲ್ಲಿ ಒಂದು ಪಾಲನ್ನಾದರೂ ಮ್ಯಾನೇಜರ್‌ಗಳಿಗೆ ಕೇಳಿಸಿಕೊಳ್ಳಲು ಕಲಿಸುವುದಕ್ಕೆ ಇಡಲಿ.

ಪ್ರತಿ ಸ್ಪ್ರಿಂಟ್ ಕೊನೆಗೆ ಮುಗಿದ ಸ್ಟೋರಿಗಳನ್ನು ಎಣಿಸುವ ಚಾರ್ಟ್‌ಗಳು ಎಲ್ಲ ತಂಡಗಳಲ್ಲೂ ಇವೆ. ಅದರ ಜೊತೆಗೆ ತಂಡ ನಡೆಸುವವರು ತಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಎರಡು ವಾರಗಳಲ್ಲಿ ನನಗೆ ಇಷ್ಟವಾಗದ ಸುದ್ದಿಯನ್ನು ತಂಡದ ಅತಿ ಕಿರಿಯರು ನನ್ನ ಬಳಿಗೇ ಬಂದು ಹೇಳಿದ್ದು ಇದೆಯೇ? ಇಲ್ಲ ಎಂಬ ಉತ್ತರ ಬಂದರೆ, ತೊಂದರೆಗಳೇ ಇಲ್ಲವೆಂದು ಸಮಾಧಾನಪಡುವ ಹಾಗಿಲ್ಲ. ತೊಂದರೆಯಿಲ್ಲದ ಸಾಫ್ಟ್‌ವೇರ್ ಯೋಜನೆ ಎಲ್ಲೂ ಇಲ್ಲ. ಸುದ್ದಿ ಎಲ್ಲೋ ನಿಂತಿದೆ ಎಂದೇ ಅದರ ಅರ್ಥ. ಅದು ಎಲ್ಲಿ ನಿಂತಿದೆ, ಯಾರ ಯಾವ ಮಾತಿನಿಂದ ನಿಂತಿದೆ ಎಂದು ಹುಡುಕುವ ಕೆಲಸವನ್ನು ಅವರು ತಮ್ಮಿಂದಲೇ ಶುರುಮಾಡಬೇಕು.